ವೃಷಭೇಂದ್ರಪ್ಪ ಮೇಷ್ಟ್ರು ಇಟ್ಟ ಹೆಸರು

ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪಿಟಿ ಮಾಡಿಸಿದ ವೃಷಭೇಂದ್ರಪ್ಪ ಮೇಷ್ಟ್ರು ಹಾಜರಿ ಪುಸ್ತಕವನ್ನು ಕೈಯಲ್ಲೂ ಮುಟ್ಟಿದವರಲ್ಲ. ಜೂನ್ ತಿಂಗಳ ಮೊದಲ ಪೀರಿಯಡ್ಡಿನಲ್ಲಿ ಹುಡುಗರನ್ನು ಎತ್ತರದ ಪ್ರಕಾರ ನಿಲ್ಲಿಸಿ, ಒಬ್ಬೊಬ್ಬನನ್ನೂ ಮೇಲಿಂದ ಕೆಳಗೆ ನೋಡಿ, ಅಲ್ಲೇ ಒಂದೊಂದು ಹೆಸರು ಇಟ್ಟುಬಿಡುತ್ತಿದ್ದರು. ಉದ್ದಕ್ಕಿದ್ದವನು ಏಣಿ. ಜೇಬಿನಲ್ಲಿ ಸದಾ ತಿಂಡಿ ಇಟ್ಟುಕೊಂಡವನು ಉದ್ದಿನವಡೆ. ಓಡು ಅಂದರೆ ಉರುಳುವವನು ರೋಡ್ ರೋಲರ್. ಹೆಸರು ಸಿಗದವನು ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂರುತ್ತಿದ್ದ. ಈಗಲೂ ಅಷ್ಟೇ, ಯಾವನೋ ಹೊಟ್ಟೆ ಬಂದ ಬ್ಯಾಂಕ್ ಮ್ಯಾನೇಜರು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಇಳಿದು, ನಾನು ಸಾರ್, ರೋಡ್ ರೋಲರ್, ಎಂದು ಕಾಲಿಗೆ ಬೀಳುತ್ತಾನೆ. ಮೇಷ್ಟ್ರಿಗೆ ಆಗ ಆಗುವ ಹಿಗ್ಗು ನೋಡಬೇಕು.

ಆ ಹಿಗ್ಗು ಮನೆ ತಲುಪುವವರೆಗೆ. ಮನೆ ಅಂದರೆ ನಾಲ್ಕನೇ ಮೇನ್ ರೋಡಿನ ಹಳೇ ಕಟ್ಟಡವೊಂದರ ಮಹಡಿಯ ಮೇಲಿನ ಒಂದೇ ಒಂದು ಕೋಣೆ, ಮುಂದೆ ತೆರೆದ ವರಾಂಡ. ಮದುವೆಯಿಲ್ಲ. ರಿಟೈರಾಗಿ ಮೂರು ವರ್ಷ. ಬೆಳಗ್ಗೆ ಹೋಟೆಲಿಗೆ ಹೋದರೆ ಬೈ ಟು ಕಾಫಿ ಹೇಳಲು ಜೊತೆಗೊಬ್ಬ ಬೇಕಲ್ಲ, ಅವನಿಲ್ಲ. ಫುಲ್ ಕಾಫಿ ತೆಗೆದುಕೊಂಡು ಅರ್ಧ ಕುಡಿದು ಲೋಟ ಇಟ್ಟುಬರುತ್ತಿದ್ದರು. ಯಾಕೆ ಸಾರ್, ಸಕ್ಕರೆ ಕಮ್ಮಿಯಾಯ್ತಾ ಎಂದು ಹೋಟೆಲಿನವನು ಕೇಳಿ ಕೇಳಿ ಸಾಕಾಗಿ ಬಿಟ್ಟ.

ಹಿಂದೊಂದು ಕಾಲದಲ್ಲಿ ಇನ್ನರ್ಧ ಕುಡಿಯುವವನೊಬ್ಬನಿದ್ದ. ಮರಿಯಣ್ಣ ಅಂತ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಇವರ ಜೋಡಿ. ಎಂಟು ವರ್ಷ ಒಂದು ಭಾನುವಾರವೂ ತಪ್ಪಿಸದೆ ಆಡಿದರು, ಆಡಿ ಬೆವರು ಒರೆಸಿಕೊಂಡು ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡರು. ತಮ್ಮ ನಡುವೆ ಇರುವುದು ಏನೆಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡವರಲ್ಲ. ಹೇಳಲು ಮಾತಾದರೂ ಎಲ್ಲಿತ್ತು? ಅದಕ್ಕೆ ಇದ್ದ ಮಾತುಗಳೆಲ್ಲ ಬೈಗುಳಗಳೇ. ತೊಂಬತ್ತೈದರಲ್ಲಿ ಮರಿಯಣ್ಣನ ಮದುವೆಯಾಯಿತು. ಮೇಷ್ಟ್ರು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಪಂಕ್ತಿಯುದ್ದಕ್ಕೂ ಹೋಳಿಗೆ ಬಡಿಸಿದರು, ತುಪ್ಪ ಬೇಡ ಅಂದವರಿಗೂ ಹಾಕಿದರು. ಮರಿಯಣ್ಣ ತ್ಯಾಗರಾಜನಗರದಲ್ಲಿ ಮನೆ ಮಾಡಿದ. ಆಮೇಲೆ ಅವನು ಆಡಲು ಬರಲಿಲ್ಲ, ಇವರು ಕರೆಯಲೂ ಇಲ್ಲ. ಅಲ್ಲಿಗೆ ಮುಗಿಯಿತು. ಮೇಷ್ಟ್ರು ಆ ವರ್ಷ ಒಂಬತ್ತು ಕೇಜಿ ಇಳಿದರು.

ಅದು ಬೇರೆಯವರ ಕಣ್ಣಿಗೂ ಬಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರೊಬ್ಬರು, ಪಾರ್ಟ್ನರ್ ಮದುವೆಯಾದ ಮೇಲೆ ನಮ್ಮ ವೃಷಭೇಂದ್ರಪ್ಪನವರು ಹೆಂಡತಿ ಬಿಟ್ಟುಹೋದವರ ಹಾಗೆ ಸೊರಗಿದ್ದಾರಲ್ಲ ಎಂದು ಎಲ್ಲರೆದುರು ಅಂದುಬಿಟ್ಟರು. ಎಲ್ಲರೂ ನಕ್ಕರು. ಇವರೂ ನಕ್ಕರು. ಎಲ್ಲರಿಗೂ ಗೊತ್ತಾಗಿಹೋಯಿತು, ಇನ್ನು ಕೆಲಸ ಹೋಯಿತು, ಊರಿಗೆ ಮುಖ ತೋರಿಸುವ ಹಾಗಿಲ್ಲ, ಹೀಗೆ ತಲೆಯೊಳಗೆ ಓಡುತ್ತಿರುವಾಗಲೇ ಬೆಲ್ಲಾಯಿತು. ಎಂಟನೇ ತರಗತಿಗೆ ಪಿಟಿ.

ಆ ತರಗತಿಯಲ್ಲಿ ಸುಂದರೇಶ ಅಂತ ಒಬ್ಬ ಹುಡುಗ. ಬಳೇಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಶೀನಣ್ಣನ ಮಗ. ಡ್ರಿಲ್ ಮಾಡುವಾಗ ಅವನ ಮಣಿಕಟ್ಟು ಕೊಂಚ ಬಾಗುತ್ತಿತ್ತು, ಅಷ್ಟೇ. ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದರು.

"ಏನೋ ಇದು ಬಳುಕಾಟ? ಗಂಡು ಹುಡುಗ್ರ ಲೈನಲ್ಲಿ ಈ ಸುಂದರಮ್ಮಂಗೇನು ಕೆಲಸ? ನಡಿ, ಹುಡುಗೀರ ಲೈನಲ್ಲಿ ನಿಂತ್ಕೋ."

ಮೈದಾನ ಘೊಳ್ಳೆಂದು ನಕ್ಕಿತು. ಮೇಷ್ಟ್ರು ಆಗ ಸುಂದರೇಶನ ಕಡೆ ನೋಡಲಿಲ್ಲ, ಸ್ಟಾಫ್ ರೂಮಿನ ಜಗಲಿಯ ಕಡೆ ನೋಡಿದರು. ಗಣಿತದ ಮೇಷ್ಟ್ರು ಅಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸದ್ಯ ಬದುಕಿದೆ ಅನ್ನಿಸಿತು ಇವರಿಗೆ. ಹುಡುಗ ಹೋಗಿ ಹುಡುಗಿಯರ ಸಾಲಿನ ಕೊನೆಯಲ್ಲಿ ಬೆಲ್ಲಾಗುವವರೆಗೂ ನಿಂತಿದ್ದ. ಮಾರನೆಯ ದಿನದಿಂದ ಅವನ ಡೆಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ಚಕ್ಕಾ ಎಂದೂ ಹೆಣ್ಣಿಗ ಎಂದೂ ಬರೆಯತೊಡಗಿದರು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಶೀನಣ್ಣ ಬಂದು ಟಿಸಿ ತೆಗೆದುಕೊಂಡು ಹೋದ.

ಮೇಷ್ಟ್ರು ಆ ಹೆಸರನ್ನು ಮತ್ತೆ ಬಾಯಲ್ಲಿ ಆಡಲಿಲ್ಲ. ಮಹಾ ಪುಣ್ಯದ ಕೆಲಸ ಮಾಡಿದವರ ಹಾಗೆ ಅದನ್ನೊಂದು ಸಮಾಧಾನ ಮಾಡಿಕೊಂಡಿದ್ದರು. ಆದರೆ ಹುಡುಗ ಹೋದರೂ ಹೆಸರು ಶಾಲೆ ಬಿಡಲಿಲ್ಲ. ಮುಂದಿನ ಜೂನಿನಲ್ಲಿ ಎಂಟನೇ ತರಗತಿಯವರು ತಮ್ಮೊಳಗೆ ಮೆತ್ತಗಿದ್ದವನೊಬ್ಬನನ್ನು ಹುಡುಕಿ ಈ ವರ್ಷದ ಸುಂದರಮ್ಮ ಇವನೇ ಎಂದರು. ಅದರ ಮುಂದಿನ ಜೂನಿನಲ್ಲೂ ಅಷ್ಟೇ. ಕ್ಲಾಸ್ ಲೀಡರನ್ನು ಆರಿಸುವ ಹಾಗೆ ಮೊದಲ ಪಿಟಿ ಪೀರಿಯಡ್ಡಿನ ದಿನ ಆರಿಸುವುದೇ ಪದ್ಧತಿಯಾಯಿತು. ಇದೆಲ್ಲ ಮೇಷ್ಟ್ರ ಕಿವಿಗೆ ಬೀಳುತ್ತಿರಲಿಲ್ಲ ಅಂದುಕೊಂಡಿರಾ? ಬೀಳುತ್ತಿತ್ತು. ಸುಳ್ಳೇಕೆ ಹೇಳಬೇಕು, ಒಂದು ಸಲ ಸೀಟಿ ಊದಿ ಗದರಿದ್ದರೆ ಮುಗಿಯುತ್ತಿತ್ತು. ಗದರಿದರೆ, ಇವರಿಗ್ಯಾಕೆ ಇಷ್ಟು ಉರಿ ಎಂದು ಯಾರಾದರೂ ಕೇಳಿಯಾರು ಅನ್ನುವ ದಿಗಿಲು. ಜಾಣ ಕಿವುಡು ನಟಿಸಿ ರಿಟೈರಾದರು. ಎರಡು ಸಾವಿರದ ಹದಿನೆಂಟರಲ್ಲಿ, ಗಂಡಸು ಗಂಡಸನ್ನು ಪ್ರೀತಿಸುವುದು ಅಪರಾಧವಲ್ಲ ಎಂದು ದೊಡ್ಡ ಕೋರ್ಟು ಹೇಳಿದ ದಿನ ಪೇಪರನ್ನು ಎರಡು ಸಲ ಓದಿ ಮಡಚಿಟ್ಟಿದ್ದರು. ಐವತ್ತೇಳು ವರ್ಷಕ್ಕೆ ಬಿಡುಗಡೆ ಸಿಕ್ಕರೆ ಅದನ್ನು ಇಟ್ಟುಕೊಂಡು ಏನು ಮಾಡುವುದು, ಯಾರಿಗೆ ಹೇಳುವುದು ಎಂದು ಅವರಿಗೆ ತಿಳಿಯಲಿಲ್ಲ.

ಕೆಳಗಿನ ಮನೆಯ ವಾಣಿ, ಅಂದರೆ ಮನೆಯ ಒಡತಿ, ಶೇಷಾದ್ರಿಪುರಂನ ಆಫೀಸಿನಿಂದ ಬರುವುದು ಸಂಜೆ ಏಳಕ್ಕೆ. ಅವರ ಮಗ ಆತ್ರೇಯ ಅದೇ ಸ್ಕೂಲಿನ ಎಂಟನೇ ತರಗತಿ. ನಾಲ್ಕೂವರೆಗೆ ಬ್ಯಾಗು ಎಸೆದು ಮಹಡಿ ಹತ್ತಿ ಬರುತ್ತಿದ್ದ, ಇಬ್ಬರೂ ವರಾಂಡದಲ್ಲಿ ಕೂತು ಕೇರಂ ಆಡುತ್ತಿದ್ದರು. ಹುಡುಗ ಬಾಯಿಬಡುಕ. ನಗು ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವನು, ಕೆಂಪು ಕಾಯಿ ಬಿದ್ದರೆ ಎದ್ದುನಿಂತು ಕುಣಿಯುವನು. ಮೇಷ್ಟ್ರ ದಿನ ಶುರುವಾಗುತ್ತಿದ್ದುದೇ ನಾಲ್ಕೂವರೆಗೆ. ಅದಕ್ಕೆ ಮುಂಚಿನ ಹೊತ್ತನ್ನೆಲ್ಲ ಅವರು ಸುಮ್ಮನೆ ತಳ್ಳುತ್ತಿದ್ದರು.

ಈ ಜೂನಿನ ಎರಡನೇ ವಾರ ಹುಡುಗ ಸ್ಕೂಲಿಗೆ ಹೋಗಲಿಲ್ಲ. ಹೊಟ್ಟೆನೋವು ಅಂದ. ಡಾಕ್ಟರು ನೋಡಿ ಏನೂ ಇಲ್ಲ ಅಂದರು. ಮೂರನೇ ದಿನ ವಾಣಿ ಮೇಲೆ ಬಂದು, ನೀವು ಪಿಟಿಯವರು, ಇವನು ತೀರಾ ಮೆತ್ತಗೆ, ಸ್ವಲ್ಪ ಗಟ್ಟಿ ಮಾಡಿ ಸಾರ್ ಎಂದು ಕೇಳಿಕೊಂಡರು. ಅವತ್ತು ಸಂಜೆ ಆತ್ರೇಯ ಬಂದ. ಸ್ಟ್ರೈಕರ್ ಮುಟ್ಟಲಿಲ್ಲ. ಬೋರ್ಡಿನ ಮೇಲಿನ ಪೌಡರನ್ನು ಬೆರಳಿನಿಂದ ಗೀಚುತ್ತ ಕೇಳಿದ.

"ಸಾರ್, ಸುಂದರಮ್ಮ ಹೆಂಗೆ ಸತ್ತಿದ್ದು?"

ಯಾವ ಸುಂದರಮ್ಮ ಎಂದು ಕೇಳುವ ನಾಟಕ ಕೂಡ ಮೇಷ್ಟ್ರ ಬಾಯಿಗೆ ಬರಲಿಲ್ಲ. ಹುಡುಗ ತಾನೇ ಹೇಳಿದ. ಬಹಳ ಹಿಂದೆ ಸ್ಕೂಲಿನಲ್ಲಿ ಅಂಥ ಒಬ್ಬ ಇದ್ದನಂತೆ, ಎಲ್ಲರೂ ಆಡಿಕೊಂಡು ಆಡಿಕೊಂಡು ಅವನು ಸತ್ತೇಹೋದನಂತೆ. ಬಾವಿಗೆ ಬಿದ್ದ ಅಂತ ಒಬ್ಬರು, ರೈಲಿಗೆ ಅಂತ ಇನ್ನೊಬ್ಬರು. ಆ ಹೆಸರು ಬಂದವರಿಗೆಲ್ಲ ಕೊನೆಗೆ ಅದೇ ಗತಿಯಂತೆ.

"ಈ ವರ್ಷ ನಾನಂತೆ ಸಾರ್."

"ಯಾರೂ ಸತ್ತಿಲ್ಲ ಕಣಪ್ಪಾ," ಅಂದರು ಮೇಷ್ಟ್ರು.

"ನಿಮಗೆ ಗೊತ್ತಾ?"

ಗೊತ್ತು ಅಂದುಬಿಟ್ಟರು. ಗೊತ್ತೆಲ್ಲಿತ್ತು? ಟಿಸಿ ತೆಗೆದುಕೊಂಡು ಹೋದ ಹುಡುಗ ಏನಾದನೆಂದು ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನ ವಿಚಾರಿಸಿದವರಲ್ಲ. ಬಳೇಪೇಟೆ ಏನು ಕಾಶಿಯಾ? ನಡೆದರೆ ಅರ್ಧ ಗಂಟೆ. ಆ ಕಡೆ ಕೆಲಸ ಬಿದ್ದರೂ ಬಳಸು ದಾರಿ ಹಿಡಿದು ಹೋಗುತ್ತಿದ್ದ ಮನುಷ್ಯ ಮರುದಿನ ಬೆಳಗ್ಗೆ ಕಾಫಿಗೂ ನಿಲ್ಲದೆ ನೆಟ್ಟಗೆ ಅಲ್ಲಿಗೇ ನಡೆದರು. ಅವನು ಇರಲಪ್ಪಾ, ಇದ್ದರೆ ಸಾಕು, ಎಂದು ದಾರಿಯುದ್ದಕ್ಕೂ ಗೊಣಗಿಕೊಂಡರು.

ಅವನಿದ್ದ. ಶೀನಣ್ಣ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಫೋಟೋ ಆಗಿದ್ದ, ಕೆಳಗೆ ಕನ್ನಡಕ ಹಾಕಿಕೊಂಡ, ಕಿವಿಯ ಮೇಲೆ ನರೆತ ಸುಂದರೇಶ ಹೆಂಗಸೊಬ್ಬರ ಕೈ ಹಿಡಿದು ಬಳೆ ಏರಿಸುತ್ತಿದ್ದ. ಕೈ ಸಡಿಲ ಬಿಡಿ ಅಮ್ಮಾ ಎಂದು ಮೆಲ್ಲಗೆ ಹೇಳುತ್ತ, ಗೆಣ್ಣು ಒತ್ತಿ, ಒಂದೂ ಒಡೆಯದ ಹಾಗೆ ಡಜನ್ ಬಳೆ ತೊಡಿಸಿದ. ಮಣಿಕಟ್ಟು ಈಗಲೂ ಕೊಂಚ ಬಾಗುತ್ತಿತ್ತು. ಮೇಷ್ಟ್ರನ್ನು ನೋಡಿದೊಡನೆ ಗುರುತು ಹಿಡಿದ. ಕೂತ್ಕೊಳ್ಳಿ ಸಾರ್ ಎಂದು ಸ್ಟೂಲು ತಳ್ಳಿದ. ಕಾಲಿಗೆ ಬೀಳಲಿಲ್ಲ.

ಮೇಷ್ಟ್ರು ಬಂದ ಕಾರಣ ಹೇಳಿದರು. ಆತ್ರೇಯನ ವಿಷಯ ಹೇಳಿದರು. ತಪ್ಪಾಯ್ತು, ಕ್ಷಮಿಸು ಎಂದೂ ಹೇಳಿದರು. ಸುಂದರೇಶ ಉಳಿದ ಬಳೆಗಳನ್ನು ಕಾಗದದಲ್ಲಿ ಸುತ್ತುತ್ತ ಕೇಳಿಸಿಕೊಂಡ. ಇನ್ನೊಂದು ಸ್ಕೂಲಿಗೆ ಸೇರಿಸಿದ್ದರಂತೆ, ಹೆಸರು ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತಂತೆ. ಒಂದು ತಿಂಗಳಾದ ಮೇಲೆ ಅಪ್ಪ ಅಂಗಡಿಯಲ್ಲಿ ಕೂರಿಸಿಕೊಂಡರಂತೆ. ಓದು ಅಲ್ಲಿಗೆ ಮುಗಿಯಿತು.

"ಆಗ ನನಗೆ ಹದಿಮೂರು ವರ್ಷ ಸಾರ್. ನಾನು ಏನು ಅಂತ ನನಗೇ ಗೊತ್ತಿರ್ಲಿಲ್ಲ. ನೀವು ಹೇಳ್ಬಿಟ್ರಿ," ಅಂದ. ಆಮೇಲೆ ಕನ್ನಡಕ ತೆಗೆದು ಕೇಳಿದ, "ಇನ್ನೂ ಕರೀತಾರಾ, ನನ್ನ ಹೆಸರಲ್ಲಿ?"

"ವರ್ಷಕ್ಕೊಬ್ಬನ್ನ."

ಸುಂದರೇಶ ಕನ್ನಡಕದ ಗಾಜನ್ನು ಅಂಗಿಯ ಅಂಚಿನಿಂದ ಒರೆಸತೊಡಗಿದ. ಅಷ್ಟೂ ಹುಡುಗರನ್ನು ಒಬ್ಬೊಬ್ಬರಾಗಿ ಕಣ್ಣೆದುರು ತಂದುಕೊಳ್ಳುತ್ತಿದ್ದಾನೇನೋ ಅನ್ನಿಸಿತು ಮೇಷ್ಟ್ರಿಗೆ. ಯಾಕೆ ಇಟ್ಟಿರಿ ಎಂದು ಅವನು ಕೊನೆಗೆ ಕೇಳಿದ. ಭಯ ಇತ್ತು ಅಂದರು. ಯಾವುದರ ಭಯ ಅಂದ. ಮೇಷ್ಟ್ರು ಗೋಡೆಯ ಮೇಲಿನ ಶೀನಣ್ಣನ ಫೋಟೋ ಕಡೆ ನೋಡಿದರು.

"ನನಗೆ ಹೇಳ್ಬೇಡಿ ಬಿಡಿ. ನಾನು ಬದುಕಿದೀನಿ ಅಂತ ಆ ಹುಡುಗನಿಗೆ ಹೇಳಿ. ಅಷ್ಟೇ ಹೇಳಿ ಜಾರ್ಕೋಬೇಡಿ. ಹೆಸರಿಟ್ಟಿದ್ದು ಯಾರು, ಯಾಕೆ, ಅದನ್ನೂ ಹೇಳಿ."

ಕ್ಷಮಿಸಿದೆ ಅಂತ ಅವನು ಅನ್ನಲಿಲ್ಲ. ಮುಂದಿನ ಗಿರಾಕಿಯ ಕೈ ಹಿಡಿದುಕೊಂಡ. ಮೇಷ್ಟ್ರು ಎದ್ದು ಬಂದರು.

ಸಂಜೆ ಆತ್ರೇಯನಿಗೆ ಹೇಳಿದರು. ಬದುಕಿದಾನೆ, ಕಣ್ಣಾರೆ ನೋಡಿ ಬಂದೆ, ಬಳೇಪೇಟೆಯಲ್ಲಿ ಅಂಗಡಿ ಇದೆ, ಕನ್ನಡಕ ಬಂದಿದೆ. ಹುಡುಗನ ಮುಖ ಅರಳಿಬಿಟ್ಟಿತು. ನಿಜವಾಗ್ಲೂನಾ ಎಂದು ಮೂರು ಸಲ ಕೇಳಿದ. ಬಾವಿಯ ಕತೆ ಕಟ್ಟಿದವರನ್ನು ಬೈದು, ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕು, ಕಾಯಿ ಜೋಡಿಸತೊಡಗಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಮೇಷ್ಟ್ರಿಗೆ ನಿಲ್ಲಿಸಬೇಕೆಂದು ಎಷ್ಟು ಆಸೆಯಾಯಿತು ಅಂದರೆ, ಕೈ ತಾನಾಗಿ ಸ್ಟ್ರೈಕರಿನ ಕಡೆ ಹೋಯಿತು. ಮಿಕ್ಕದ್ದನ್ನು ಹೇಳಿದರೆ ನಾಳೆಯಿಂದ ಈ ನಾಲ್ಕೂವರೆ ಇರುವುದಿಲ್ಲ. ಇಡೀ ಬೆಂಗಳೂರಿನಲ್ಲಿ ಅವರ ಮೆಟ್ಟಿಲು ಹತ್ತಿ ಬರುವ ಜೀವ ಇದೊಂದೇ.

"ಆ ಹೆಸರು ಇಟ್ಟೋನು ನಾನು," ಅಂದರು.

ಹುಡುಗ ತಲೆಯೆತ್ತಿದ. ತಮಾಷೆ ಅಂದುಕೊಂಡ ಮುಖ.

"ನಾನೇ ಆತ್ರೇಯ. ಯಾಕೆ ಇಟ್ಟೆ ಅಂದ್ರೆ, ನಾನು ಅಂಥೋನು. ನನಗೆ ಯಾವತ್ತೂ ಹೆಂಗಸರ ಮೇಲೆ ಮನಸ್ಸಾಗ್ಲಿಲ್ಲ. ಒಬ್ಬ ಗೆಳೆಯ ಇದ್ದ, ಅವನ ಮೇಲಾಯ್ತು. ಅದು ಯಾರಿಗೂ ಗೊತ್ತಾಗ್ಬಾರ್ದು ಅಂತ, ಎಲ್ರೂ ಬೇರೆ ಕಡೆ ನೋಡ್ಲಿ ಅಂತ, ಒಂದು ಮಗೂನ ಬೆರಳು ಮಾಡಿ ತೋರಿಸ್ದೆ."

ಅರವತ್ತಮೂರು ವರ್ಷಕ್ಕೆ ಮೊದಲ ಸಲ ಬಾಯಿಂದ ಬಂದ ಮಾತು. ಬಂದದ್ದು ಹದಿಮೂರರ ಹುಡುಗನ ಮುಂದೆ. ಅದಕ್ಕೆ ತಕ್ಕ ಮನುಷ್ಯ ಎದುರಿಗಿರಬೇಕಿತ್ತು, ಪಾಪ, ಇರಲಿಲ್ಲ. ಆತ್ರೇಯ ಜೋಡಿಸಿದ್ದ ಕಾಯಿಗಳನ್ನೇ ನೋಡುತ್ತಿದ್ದ.

"ನಾನೂ ಹಂಗೇನಾ ಸಾರ್?"

"ನನಗೆ ಗೊತ್ತಿಲ್ಲ ಕಂದ. ಹಂಗಿದ್ರೂ ಏನೂ ತಪ್ಪಿಲ್ಲ, ಇಲ್ದಿದ್ರೂ ತಪ್ಪಿಲ್ಲ. ನಿಧಾನವಾಗಿ ನಿನಗೇ ತಿಳಿಯುತ್ತೆ. ಇನ್ನೊಬ್ರು ನಿನಗೆ ಹೇಳೋ ವಿಷಯ ಅಲ್ಲ ಅದು. ನಾನಂತೂ ಅಲ್ಲವೇ ಅಲ್ಲ."

ಹುಡುಗ ಎದ್ದ. ಮೆಟ್ಟಿಲ ಹತ್ತಿರ ಹೋಗಿ ನಿಂತ.

"ಅಷ್ಟು ವರ್ಷ ಅಲ್ಲೇ ಇದ್ರಲ್ಲ ಸಾರ್. ಒಂದಿನಾನೂ ಹಂಗನ್ಬೇಡ್ರೋ ಅನ್ಲಿಲ್ವಾ?"

ಆತ್ರೇಯ ಇಳಿದುಹೋದ. ಮರುದಿನ ಸ್ಕೂಲಿಗೂ ಹೋಗಲಿಲ್ಲ, ಮೇಲಕ್ಕೂ ಬರಲಿಲ್ಲ. ಬದುಕಿದ್ದಾನೆಂದು ಗೊತ್ತಾದ ಮಾತ್ರಕ್ಕೆ ಹೆಸರು ಮೈಮೇಲಿಂದ ಇಳಿಯುತ್ತದೆಯೇ? ಹೋಗಿ ನಿಂತರೆ ಅದೇ ಮೈದಾನ, ಅದೇ ಹುಡುಗರು. ಮೇಷ್ಟ್ರು ವರಾಂಡದಲ್ಲಿ ಆರೂವರೆವರೆಗೆ ಕೂತಿದ್ದರು. ಅಲ್ಲಿ ಕೂತೇ ತೀರ್ಮಾನ ಮಾಡಿದರು.

ಶನಿವಾರ ಬೆಳಗ್ಗೆ ಎಂಟನೇ ತರಗತಿಗೆ ಡ್ರಿಲ್. ಈಗಿನ ಪಿಟಿ ಮೇಷ್ಟ್ರು ಅಭಿನಂದನ್ ಇವರ ಹಳೇ ಶಿಷ್ಯ, ಏಣಿ ಅಂತ ಹೆಸರಿಟ್ಟಿದ್ದರಲ್ಲ, ಅವನೇ. ಐದು ನಿಮಿಷ ಬೇಕು ಅಂದರೆ, ಐದೇನು ಸಾರ್, ಪೂರ್ತಿ ಪೀರಿಯಡ್ ತಗೊಳ್ಳಿ ಎಂದು ಸೀಟಿ ಕೊಟ್ಟ. ಮೇಷ್ಟ್ರು ಊದಲಿಲ್ಲ. ಎರಡು ಸಾಲಿನ ನಡುವೆ ನಿಂತುಕೊಂಡು, ಸುಂದರಮ್ಮ ಎಂಬ ಹೆಸರು ಎಲ್ಲಿಂದ ಬಂತು ಅಂತ ಹೇಳಿದರು. ಸುಂದರೇಶನ ಓದು ಹೋದದ್ದನ್ನು ಹೇಳಿದರು. ಆತ್ರೇಯನ ಹೆಸರು ಎತ್ತಲಿಲ್ಲ. ತಾನು ಎಂಥವನು ಅನ್ನುವುದನ್ನೂ ಹೇಳಿದರು. ಹಿಂದಿನ ಸಾಲಿನಲ್ಲಿ ಯಾವನೋ ಕಿಸಕ್ಕೆಂದ. ಅಭಿನಂದನ್ ನೆಲ ನೋಡುತ್ತ ನಿಂತಿದ್ದ.

"ಅದು ನನ್ನ ಹೆಸರು. ಅವತ್ತು ನನಗೆ ಇಟ್ಕೊಳ್ಳೋ ಧೈರ್ಯ ಇರ್ಲಿಲ್ಲ, ಒಬ್ಬ ಹುಡುಗನ ತಲೆಗೆ ಕಟ್ದೆ. ಇನ್ಮೇಲೆ ನಿಮಗೆ ಯಾರನ್ನಾದ್ರೂ ಹಂಗೆ ಕರೀಬೇಕು ಅನ್ನಿಸಿದ್ರೆ, ನಾನು ನಾಲ್ಕನೇ ಮೇನ್ ರೋಡಲ್ಲೇ ಇದೀನಿ. ನನ್ನ ಕರೀರಿ."

ಹೆಡ್ ಮಿಸ್ ಮಾಧವಿ ಆಫೀಸಿಗೆ ಕರೆದು, ಮಕ್ಕಳ ಮುಂದೆ ಇಂಥದ್ದನ್ನೆಲ್ಲ ಹೇಳುವುದಾ, ಪೇರೆಂಟ್ಸಿಗೆ ನಾನೇನು ಉತ್ತರ ಕೊಡಲಿ ಎಂದರು. ಮೇಷ್ಟ್ರು ಮನೆ ಸೇರುವಷ್ಟರಲ್ಲಿ ಸುದ್ದಿ ಪೇರೆಂಟ್ಸ್ ಗ್ರೂಪಿನಲ್ಲಿ ಓಡಾಡುತ್ತಿತ್ತು. ಭಾನುವಾರ ವಾಣಿ ಬಂದು, ಬಾಗಿಲ ಹೊರಗೇ ನಿಂತು, ಮೊದಲೇ ಹೇಳಬಹುದಿತ್ತು ಸಾರ್ ಅಂದರು. ಸಿಟ್ಟಾಗಲಿಲ್ಲ, ಪಾಪ, ಒಳ್ಳೆ ಹೆಂಗಸು. ಆತ್ರೇಯನಿಗೆ ಇನ್ನು ಸಂಜೆ ಟ್ಯೂಷನ್ನು ಎಂದಷ್ಟೇ ಹೇಳಿ ಇಳಿದುಹೋದರು.

ಸೋಮವಾರ ಆತ್ರೇಯ ಸ್ಕೂಲಿಗೆ ಹೋದ. ಮೇಷ್ಟ್ರು ಮೇಲಿನಿಂದ ನೋಡಿದರು. ಬ್ಯಾಗು ಹಾಕಿಕೊಂಡು, ಶೂ ಲೇಸು ಕಟ್ಟಿಕೊಂಡು, ಗೇಟು ಎಳೆದುಕೊಂಡು ಹೋದ. ತಲೆಯೆತ್ತಿ ನೋಡಲಿಲ್ಲ. ಮಂಗಳವಾರವೂ ಹೋದ, ಬುಧವಾರವೂ ಹೋದ. ಅಭಿನಂದನ್ ಒಂದೇ ಸಲ ಫೋನು ಮಾಡಿದ್ದ. ಈ ಸಲ ಯಾರನ್ನೂ ಹಂಗೆ ಕರೀತಿಲ್ಲ ಸಾರ್ ಎಂದು ಹೇಳಿ, ಮತ್ತೇನು ಹೇಳಬೇಕೋ ತಿಳಿಯದೆ ಇಟ್ಟುಬಿಟ್ಟ. ತಾವು ಕೇಳಿಕೊಂಡದ್ದು ಇದನ್ನೇ ತಾನೇ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಆದರೂ ನಾಲ್ಕೂವರೆಯಾದರೆ ಕೇರಂ ಬೋರ್ಡು ತಂದು ವರಾಂಡದಲ್ಲಿ ಇಡುತ್ತಿದ್ದರು. ಈಗ ಹಳೇ ಶಿಷ್ಯರೂ ಕಾರು ನಿಲ್ಲಿಸುವುದು ಕಮ್ಮಿಯಾಗಿತ್ತು.

ಜುಲೈನ ಒಂದು ಸಂಜೆ ಹಾಲು ತರಲು ಹೊರಟಿದ್ದರು. ನಿಲ್ಲಿಸಿದ್ದ ಆಟೋದ ಹಿಂದಿನಿಂದ ಎಳೆಗಂಟಲೊಂದು ರಾಗವಾಗಿ ಕೂಗಿತು.

"ಸುಂದರಮ್ಮಾ..."

ಕೇಳಿಸದವರ ಹಾಗೆ ನಡೆದುಬಿಡಬೇಕು ಅಂತ ಮೇಷ್ಟ್ರ ಕಾಲು ಹೇಳುತ್ತಿತ್ತು. ಅಷ್ಟೂ ವರ್ಷ ಅಷ್ಟೂ ಹುಡುಗರು ಹಾಗೇ ನಡೆದಿರಬೇಕು. ಮೇಷ್ಟ್ರು ನಿಂತರು. ತಿರುಗಿದರು. ಹಾಲಿನ ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಆಟೋದ ತನಕ ನಡೆದು ಹೋದರು. ಸ್ಕೂಲ್ ಯೂನಿಫಾರ್ಮಿನ ಮೂವರು ಹುಡುಗರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು.

"ಬಂದೆ ಕಣಪ್ಪಾ. ಹೇಳು, ಏನು?"

ಕೂಗಿದವನ ಮುಖದಿಂದ ನಗು ಇಳಿಯಿತು. ಗೆಳೆಯರ ಕಡೆ ನೋಡಿದ, ಅವರು ಬೇರೆಲ್ಲೋ ನೋಡಿದರು. ಮೇಷ್ಟ್ರು ಕಾಯುತ್ತ ನಿಂತರು. ಆ ಹೆಸರು ಹಿಡಿದು ಕೂಗಿದವರಿಗೆ ಇದುವರೆಗೆ ಯಾರೂ ಓಗೊಟ್ಟಿರಲಿಲ್ಲ.

"ಏನಿಲ್ಲ ಸಾರ್," ಅಂದ ಹುಡುಗ.